ಹಾರ್ವರ್ಡ್‌ನ 51 ಪರಮಾಣುಗಳ ಪ್ರಯೋಗ, ಯಾರಾದ್ರೂ ಬಿಡಿಸಿ ಹೇಳ್ತೀರಾ?

ಲಾಸ್ಟ್‌ಬೆಂಚ್_ಎಮ್ಮೆಸ್ಸಿ: ಹಾರ್ವರ್ಡ್‌ನ ಭೌತವಿಜ್ಞಾನಿ ಮಿಖಾಯಿಲ್ ಲುಕಿನ್ ಗುಂಪಿನ 2017ರ ಪೇಪರ್ ಓದ್ತಿದೀನಿ, ರುಬಿಡಿಯಂ ಪರಮಾಣುಗಳನ್ನ ಲೇಸರ್‌ನಲ್ಲಿ ಒಂದೊಂದಾಗಿ ಹಿಡ್ದು ಸಾಲಾಗಿ ನಿಲ್ಸಿ ಮೆನಿ-ಬಾಡಿ ಸಿಸ್ಟಮ್ (ಒಂದರ ಮೇಲೊಂದು ಪ್ರಭಾವ ಬೀರೋ ಹಲವು ಕಣಗಳ ಗುಂಪು) ಸಿಮ್ಯುಲೇಟ್ ಮಾಡ್ತಾರೆ, ಆದ್ರೆ ಬರೀ 51 ಪರಮಾಣು ತಾನೇ, ಸೂಪರ್‌ಕಂಪ್ಯೂಟರ್ ಸಾಕಾಗಲ್ವಾ?

ಸ್ಪಿನ್_ಮಾಮ: ಒಂದೊಂದಕ್ಕೆ ಎರಡು ಸ್ಥಿತಿ (ಮಾಮೂಲಿ, ಇಲ್ಲಾ ಶಕ್ತಿ ಹೀರಿ ಎಕ್ಸೈಟ್ ಆಗಿದ್ದು) ಅಂದ್ರೂ ಒಟ್ಟು ಸಾಧ್ಯತೆ 2ರ ಘಾತ 51 ಆಯ್ತು, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇಟ್ಕೋಬೇಕು. ಒಂದು ಸಂಖ್ಯೆಗೆ 16 ಬೈಟ್ ಹಿಡಿದ್ರೆ ಸುಮಾರು 36 ಪೆಟಾಬೈಟ್ ಮೆಮೊರಿ. ಎಲ್ಲಿಂದ ತರ್ತೀಯಪ್ಪ?

ಟೆನ್ಸರ್_ಭಟ್ರು: ಅಷ್ಟೊಂದು ಬೇಡ ಸರ್. ರಿಡ್ಬರ್ಗ್ ಬ್ಲಾಕೇಡ್ (ಎಕ್ಸೈಟ್ ಆದ ಪರಮಾಣು ಪಕ್ಕದ್ದನ್ನ ತಡೆಯೋದು) ಇರೋದ್ರಿಂದ ಪಕ್ಕಪಕ್ಕದ ಎರಡು ಪರಮಾಣು ಒಟ್ಟಿಗೆ ಎಕ್ಸೈಟ್ ಆಗಲ್ಲ, ಸಾಧ್ಯತೆಗಳ ಲೆಕ್ಕ ಸುಮಾರು 5,300 ಕೋಟಿಗೆ ಇಳಿಯುತ್ತೆ. ಒಂದೇ ಸಾಲಾದ್ರೆ ಟೆನ್ಸರ್ ನೆಟ್‌ವರ್ಕ್ (ಕ್ವಾಂಟಮ್ ಸ್ಥಿತಿಯನ್ನ ಚಿಕ್ಕದಾಗಿ ಬರೆದಿಟ್ಟು ಲೆಕ್ಕ ಮಾಡೋ ವಿಧಾನ) ಕೂಡ ಚೆನ್ನಾಗೇ ನಡೆಯುತ್ತೆ, ಎಂಟ್ಯಾಂಗಲ್‌ಮೆಂಟ್ (ಪರಮಾಣುಗಳ ನಡುವಿನ ಕ್ವಾಂಟಮ್ ನಂಟು) ಬೆಳೀತಾ ಹೋದ ಹಾಗೆ ಅದೂ ಕೈಕೊಡುತ್ತೆ ಅನ್ನೋದು ಬೇರೆ ಮಾತು. 2021ರಲ್ಲಿ ಇದೇ ಗುಂಪು 256 ಪರಮಾಣುಗಳ ಎರಡು ಆಯಾಮದ ಜಾಲ ಮಾಡಿದಾಗ್ಲೇ ನಿಜವಾದ ತಲೆನೋವು ಶುರುವಾಗಿದ್ದು.

ಲಾಸ್ಟ್‌ಬೆಂಚ್_ಎಮ್ಮೆಸ್ಸಿ: ಹಂಗಾದ್ರೆ 51ರಲ್ಲಿ ಹೊಸದೇನು ಸಿಕ್ತು?

ಸ್ಪಿನ್_ಮಾಮ: ಒಂದು ಬಿಟ್ಟು ಒಂದು ಎಕ್ಸೈಟ್ ಆದ ಪ್ಯಾಟರ್ನ್‌ನಿಂದ ಶುರು ಮಾಡಿದ್ರು, ಬೇಗ ಕಲಸಿಹೋಗಿ ಥರ್ಮಲೈಸ್ ಆಗ್ಬೇಕಿತ್ತು (ಅಂದ್ರೆ ಶುರುವಿನ ಪ್ಯಾಟರ್ನ್‌ನ ಗುರುತೇ ಉಳೀಬಾರ್ದಿತ್ತು), ಆದ್ರೆ ಅದು ಮತ್ತೆ ಮತ್ತೆ ಹಳೇ ಪ್ಯಾಟರ್ನ್‌ಗೇ ವಾಪಸ್ ಬರ್ತಿತ್ತು! 2018ರಲ್ಲಿ ಥಿಯರಿಯವ್ರು ಇದಕ್ಕೆ ಕ್ವಾಂಟಮ್ ಮೆನಿ-ಬಾಡಿ ಸ್ಕಾರ್ ಅಂದ್ರು. ನನ್ ಪ್ರಕಾರ ಸೂಪರ್‌ಕಂಪ್ಯೂಟರ್ ಲೆಕ್ಕಕ್ಕಿಂತ ಇದೇ ದೊಡ್ಡದು, ಮೊದ್ಲು ಇದನ್ನ ಓದು.