ಅಪ್‌ಡೇಟ್: ಬಟ್ರೆಸ್ ಕೇಸಿಂಗ್‌ಗೆ ಟಾರ್ಕ್ ಎಷ್ಟು ಎಂಬ ನನ್ನ ಪ್ರಶ್ನೆ

ಬಟ್ರೆಸ್ ಥ್ರೆಡ್ (ಒಂದು ಬಗೆಯ ತಿರುಪು ಹಲ್ಲು) ಇರುವ ಕೇಸಿಂಗ್‌ಗೆ, ಅಂದರೆ ತೈಲ ಬಾವಿಯೊಳಗೆ ಇಳಿಸುವ ಉಕ್ಕಿನ ಪೈಪ್‌ಗೆ, ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಕೋಷ್ಟಕದಲ್ಲಿ ಟಾರ್ಕ್ (ಬಿಗಿಯಲು ಬೇಕಾದ ತಿರುಚು ಬಲ) ಸಿಗುತ್ತಿಲ್ಲ ಅಂತ ಕೇಳಿದ್ದೆ. ಸಿಗದಿರಲು ಕಾರಣವಿದೆ. ಅಲ್ಲಿರುವುದು 8-ರೌಂಡ್ ಎಂಬ ಇನ್ನೊಂದು ಬಗೆಯ ಥ್ರೆಡ್‌ನ ಅಂಕಿಗಳು. ಅದಕ್ಕೆ ಕನಿಷ್ಠ ಟಾರ್ಕ್ ಕೋಷ್ಟಕದ ಅಂಕಿಯ ಶೇ. 75, ಗರಿಷ್ಠ ಶೇ. 125. ಬಟ್ರೆಸ್‌ಗೆ ಆಧಾರ, ಪೈಪ್ ಮೇಲೆ ಒತ್ತಿರುವ ತ್ರಿಕೋನದ ಗುರುತು. ಎರಡು ಪೈಪ್ ಜೋಡಿಸುವ ಚಿಕ್ಕ ಕೊಳವೆಯಾದ ಕಪ್ಲಿಂಗ್‌ನ ಅಂಚು ಆ ತ್ರಿಕೋನದ ಬುಡಕ್ಕೆ ಬರಬೇಕು.

ನೀವು ಹೇಳಿದಂತೆ ಮೊದಲ ಕೆಲವು ಜಾಯಿಂಟ್‌ಗಳನ್ನು ಗುರುತಿನವರೆಗೆ ಬಿಗಿದು, ಪ್ರತಿ ಸಲದ ಟಾರ್ಕ್ ಬರೆದುಕೊಂಡೆವು. ಅದರ ಸರಾಸರಿಯೇ ಉಳಿದವಕ್ಕೆ ಲೆಕ್ಕ.

ಮಧ್ಯದಲ್ಲಿ ಒಂದು ಜಾಯಿಂಟ್ ದಿಗಿಲು ಹುಟ್ಟಿಸಿತು. ಗೇಜ್‌ನಲ್ಲಿ ಟಾರ್ಕ್ ಸರಿಯಾಗಿಯೇ ಇದೆ, ಆದರೆ ಕಪ್ಲಿಂಗ್‌ನ ಅಂಚು ತ್ರಿಕೋನದ ಬುಡದವರೆಗೆ ಬಂದೇ ಇಲ್ಲ! ನೋಡಿದರೆ ಟಾಂಗ್‌ನ (ಪೈಪ್ ತಿರುಗಿಸಿ ಬಿಗಿಯುವ ಯಂತ್ರ) ಹಿಂದಿನ ಸ್ನಬ್ ಲೈನ್, ಅಂದರೆ ಟಾಂಗ್ ತಾನೇ ತಿರುಗದಂತೆ ಹಿಡಿದಿಡುವ ಕೇಬಲ್, ಓರೆಯಾಗಿತ್ತು. ಅದರ ಎಳೆತದಿಂದಲೇ ಗೇಜ್ ಟಾರ್ಕ್ ತೋರಿಸುವುದು. ಲೈನ್ ಟಾಂಗ್‌ನ ತೋಳಿಗೆ 90 ಡಿಗ್ರಿಯಲ್ಲಿ ಇಲ್ಲದಿದ್ದರೆ ಗೇಜ್ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ನೇರ ಮಾಡಿ ಮತ್ತೆ ಬಿಗಿದಾಗ ಅಂಚು ಬುಡಕ್ಕೆ ಬಂದು ಕೂತಿತು. ಗೇಜ್ ಒಂದನ್ನೇ ನಂಬಿದ್ದರೆ ಸಡಿಲ ಜಾಯಿಂಟ್ ಬಾವಿಯೊಳಗೆ ಇಳಿಯುತ್ತಿತ್ತು.

ಡೋಪ್ (ಥ್ರೆಡ್‌ಗೆ ಹಚ್ಚುವ ಗ್ರೀಸ್) ಬದಲಾದರೆ ಟಾರ್ಕ್ ಕೂಡ ಬದಲಾಗುತ್ತದೆ ಎಂದು ಎಚ್ಚರಿಸಿದವರಿಗೂ ಧನ್ಯವಾದ. ಡಬ್ಬಿಯ ಮೇಲಿನ ಘರ್ಷಣಾಂಕ (ಪ್ರಮಾಣಿತ ಡೋಪ್‌ಗೆ ಹೋಲಿಸಿದ ಅಂಕಿ) ನೋಡಿದೆ, 1.0 ಇತ್ತು. ಬೇರೆ ಡೋಪ್ ಬಂದರೆ ಗುರುತಿನಿಂದಲೇ ಹೊಸದಾಗಿ ಟಾರ್ಕ್ ಅಳೆಯುತ್ತೇವೆ.