ಆಗಸ್ಟ್ 15ರ ಭಾಷಣದಲ್ಲಿ ಜೀತ, ಜಾತಿ ವಿಷಯ ಎತ್ತಬಾರ್ದಾ? ವಿದುರಾಶ್ವತ್ಥದ ಹತ್ತಿರದಿಂದ ಒಂದು ಪ್ರಶ್ನೆ

ಪಿನಾಕಿನಿ ದಡ, ಗೌರಿಬಿದನೂರು

ಎಲ್ರಿಗೂ ನಮಸ್ಕಾರ. ಬಿಎ ಕೊನೇ ವರ್ಷ ಓದ್ತಿದೀನಿ, ನಮ್ಮೂರು ವಿದುರಾಶ್ವತ್ಥಕ್ಕೆ ಹತ್ರ. ಈ ಸಲ ಆಗಸ್ಟ್ 15ಕ್ಕೆ ಕಾಲೇಜಲ್ಲಿ ಐದು ನಿಮಿಷ ಮಾತಾಡೋಕೆ ನನ್ ಹೆಸರು ಬಂದೈತೆ. ಬರ್ಕೊಂಡಿರೋದ್ರಲ್ಲಿ ಮೊದಲ ಅರ್ಧ 1938ರ ಏಪ್ರಿಲ್ 25ರದ್ದು, ನಿಷೇಧಾಜ್ಞೆ ಇದ್ರೂ ಸುತ್ತಲ ಹಳ್ಳಿಯವ್ರು ಬಾವುಟ ಹಾರಿಸೋಕೆ ಅಂತ ಸೇರಿದ್ದು, ಪೊಲೀಸರು ಗುಂಡು ಹಾರಿಸಿದ್ದು, 32 ಜನ ಸತ್ರು ಅಂತ ನಾವೆಲ್ಲ ಚಿಕ್ಕೋರಿದ್ದಾಗಿಂದ ಕೇಳ್ಕೊಂಡು ಬಂದಿರೋದು. ಇನ್ನರ್ಧ ಈಗಿಂದು. ನಮ್ಮ ಕೇರಿಯವ್ರು ಇವತ್ತಿಗೂ ಊರ ದೇವಸ್ಥಾನದ ಒಳಗೆ ಹೋಗಂಗಿಲ್ಲ, ಟೀ ಅಂಗಡೀಲಿ ಬೇರೆಯವ್ರಿಗೆ ಗಾಜಿನ ಲೋಟ ನಮಗೆ ಮಾತ್ರ ಪ್ಲಾಸ್ಟಿಕ್ ಕಪ್ಪು, ಯಾರೂ ಬಾಯಿಬಿಟ್ಟು ಏನೂ ಅನ್ನಲ್ಲ ಕಪ್ಪು ತಾನಾಗೇ ನಮ್ಮ ಮುಂದೆ ಬರುತ್ತೆ ಅಷ್ಟೆ. ಬಾವುಟಕ್ಕೆ ಪ್ರಾಣ ಕೊಟ್ಟ ನೆಲದಲ್ಲೇ ಹಿಂಗೆ ಯಾಕೆ ಅಂತ ಕೇಳಿದೀನಿ.

ನಮ್ಮ ಲೆಕ್ಚರರ್ ಓದಿ ಮೊದಲರ್ಧ ತುಂಬ ಚೆನ್ನಾಗೈತಮ್ಮ, ಎರಡನೇದು ತೆಗೆದುಬಿಡು, ಅವತ್ತು ಸಂಭ್ರಮದ ದಿನ ಅಂದ್ರು. ಅವರು ಕೆಟ್ಟೋರಲ್ಲ, ನನಗೆ ಫೀಸಿಗೂ ಸಹಾಯ ಮಾಡವ್ರೆ. ಅದಕ್ಕೇ ಗೊಂದಲ ಆಗ್ತೈತೆ. ಬಾವುಟದ ಕೆಳಗೆ ನಿಂತು ನಮಗಿನ್ನೂ ಪೂರ್ತಿ ಸ್ವಾತಂತ್ರ್ಯ ಸಿಕ್ಕಿಲ್ಲ ಅನ್ನೋದು ಸತ್ತೋರಿಗೆ ಅವಮಾನ ಆಗುತ್ತಾ? ತಿಳಿದೋರು ಹೇಳಿ.

ನಿವೃತ್ತ ಮೇಷ್ಟ್ರು, ಕೋಲಾರ

ಅವಮಾನ ಖಂಡಿತ ಅಲ್ಲಮ್ಮಾ. ನಾನು ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡ್ದೋನು, ನಮ್ಮ ಮಕ್ಕಳಿಗೆ ವಿದುರಾಶ್ವತ್ಥ ಅಂದ್ರೆ ಬ್ರಿಟಿಷರು ಗುಂಡು ಹಾರಿಸಿದ ಜಾಗ ಅಂತ ತಲೇಲಿ ಕೂತುಬಿಟ್ಟೈತೆ, ನೀನು ಮೊದಲು ಅದನ್ನ ಸರಿಯಾಗಿ ಹೇಳು. ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ದಿವಾನರು ಮಿರ್ಜಾ ಇಸ್ಮಾಯಿಲ್. ಮಾದರಿ ಸಂಸ್ಥಾನ ಅಂತ ದೇಶವೆಲ್ಲ ಹೊಗಳ್ತಿದ್ದ ಕಾಲ, ಕೆರೆ ಕಾಲುವೆ ಕಾರ್ಖಾನೆ ಕರೆಂಟು ಎಲ್ಲಾ ಇತ್ತು, ಜನ ತಮ್ಮ ಸರ್ಕಾರವನ್ನ ತಾವೇ ಆರಿಸೋ ಹಕ್ಕು ಮಾತ್ರ ಇರ್ಲಿಲ್ಲ. ಆ ತಿಂಗಳೇ ಮೊದಲಿಗೆ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು, ಅದರ ಬಿಸಿ ಈ ಕಡೆಗೂ ತಗುಲ್ತು. ಹಾರಿಸೋಕೆ ಹೋಗಿದ್ದು ಕಾಂಗ್ರೆಸ್ಸಿನ ಚರಕದ ಬಾವುಟ, ಆದ್ರೆ ಅದರ ಹಿಂದಿದ್ದ ಬೇಡಿಕೆ ಜವಾಬ್ದಾರಿ ಸರ್ಕಾರ, ಅಂದ್ರೆ ಜನ ಆರಿಸಿದೋರ ಸರ್ಕಾರ. ಗೋಲಿಬಾರ್ ಆದ್ಮೇಲೆ ಗಲಾಟೆ ದೊಡ್ಡದಾಗಿ ಸರ್ದಾರ್ ಪಟೇಲರು, ಕೃಪಲಾನಿಯವರು ಬಂದು ಮಾತಾಡಿದ್ರು, ಮೈಸೂರು ಬಾವುಟದ ಜೊತೆ ಕಾಂಗ್ರೆಸ್ ಬಾವುಟಾನೂ ಹಾರಿಸಬಹುದು ಅಂತ ಒಪ್ಪಂದ ಆಯ್ತು. ಬಾವುಟ ಸಿಕ್ತು, ಸರ್ಕಾರ ಸಿಗ್ಲಿಲ್ಲ!

ಇನ್ನೊಂದು ವಿಷಯ ನಮ್ಮ ಜಿಲ್ಲೆಯವ್ರಿಗೇ ಮರೆತೋಗಿರೋದು. 1947ರ ಆಗಸ್ಟ್ 15ಕ್ಕೆ ದೆಹಲಿಗೆ ಸ್ವಾತಂತ್ರ್ಯ ಬಂತು, ಮೈಸೂರಲ್ಲಿ ಅಧಿಕಾರ ಅರಮನೆ ಕೈಲೇ ಇತ್ತು. ಸೆಪ್ಟೆಂಬರಲ್ಲಿ ಮೈಸೂರು ಚಲೋ ಚಳವಳಿ, ಜೈಲು, ಲಾಠಿ, ಗುಂಡೇಟು ಎಲ್ಲಾ ಮತ್ತೆ ಶುರು. ಅಕ್ಟೋಬರ್ ಕೊನೆಗೆ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವ್ರು, ನಮ್ಮ ಕೋಲಾರದೋರೇ, ಮೊದಲ ಮುಖ್ಯಮಂತ್ರಿ ಆದಾಗ ಜವಾಬ್ದಾರಿ ಸರ್ಕಾರ ಬಂತು. ಅಂದ್ರೆ ದೇಶ ಸ್ವತಂತ್ರ ಆಗೈತೆ ನಮಗಿನ್ನೂ ಆಗಿಲ್ಲ ಅಂತ ಬೀದಿಗಿಳಿದೋರು ನಮ್ಮ ಅಜ್ಜಂದಿರೇ, ಅವರನ್ನ ಯಾರೂ ದೇಶದ್ರೋಹಿಗಳು ಅಂದಿಲ್ಲ, ಈಗ ಅವರನ್ನೇ ಸ್ವಾತಂತ್ರ್ಯ ಹೋರಾಟಗಾರರು ಅಂತೀವಿ.

ಬಾವುಟದ್ದೇ ತಗೋ. 2002ರ ಜನವರಿ 26ಕ್ಕೆ ಹೊಸ ಧ್ವಜ ಸಂಹಿತೆ ಬರೋವರೆಗೂ ಸಾಮಾನ್ಯ ಪ್ರಜೆ ತನ್ನ ಮನೆ ಮೇಲೆ ವರ್ಷದ ಯಾವ ದಿನ ಬೇಕಾದ್ರೂ ರಾಷ್ಟ್ರಧ್ವಜ ಹಾರಿಸೋ ಹಂಗಿರ್ಲಿಲ್ಲ, ಆಗಸ್ಟ್ 15, ಜನವರಿ 26 ಅಂತ ಕೆಲವೇ ದಿನ. 2004ರಲ್ಲಿ ಸುಪ್ರೀಂ ಕೋರ್ಟು ಅದು ಪ್ರಜೆಯ ಹಕ್ಕು ಅಂತ ಹೇಳ್ತು. ವಿದುರಾಶ್ವತ್ಥದೋರು ಪ್ರಾಣ ಕೊಟ್ಟ ಮೇಲೆ ಅಷ್ಟು ವರ್ಷ ಬೇಕಾಯ್ತು ನೋಡು. ಸ್ವಾತಂತ್ರ್ಯ ಒಂದೇ ರಾತ್ರೀಲಿ ಎಲ್ರ ಮನೆಗೂ ಬಂದಿದ್ದಲ್ಲ, ಯಾರ್ಯಾರು ಕೇಳಿದ್ರೋ ಅವರವ್ರಿಗೆ ಬಂತು, ಕೇಳ್ದೆ ಇದ್ದೋರಿಗೆ ತಾನಾಗಿ ಬಂದಿದ್ದು ನಾನಂತೂ ಕಂಡಿಲ್ಲ.

ಮಾವಿನತೋಪು, ಶ್ರೀನಿವಾಸಪುರ

ಮೇಷ್ಟ್ರೇ ನಿಮ್ಮ ಮಾತು ಒಪ್ತೀನಿ ಆದ್ರೆ ಒಂದು ಹೇಳ್ಲೇಬೇಕು. ನಮ್ಮಣ್ಣ ಮಿಲಿಟರೀಲಿ ಇದ್ದ, ಆ ದಿನ ನಮ್ಮನೇಲಿ ಪೂಜೆ ಇದ್ದಂಗೆ. ವರ್ಷವೆಲ್ಲ ಕಷ್ಟ ಹೇಳ್ಕೊಳ್ಳೋಕೆ ದಿನ ಇರ್ತವೆ, ಗ್ರಾಮಸಭೆ ಐತೆ, ತಾಲ್ಲೂಕು ಆಫೀಸ್ ಐತೆ, ಓಟು ಐತೆ. ಒಂದು ದಿನ ಆದ್ರೂ ಎಲ್ರೂ ಒಂದೇ ಅಂತ ನಿಲ್ಲೋಣ ಅನ್ನೋದು ತಪ್ಪಾ? ನಮ್ಮ ತಾತನ ಕಾಲಕ್ಕೂ ಈಗ್ಲಿಗೂ ಹೋಲಿಸಿ ನೋಡಿ, ಆ ಹುಡುಗಿ ಡಿಗ್ರಿ ಓದ್ತಿದಾಳೆ, ಸ್ಟೇಜ್ ಮೇಲೆ ಮಾತಾಡ್ತಾಳೆ, ಇದು ಸುಮ್ನೆ ಬಂದಿದ್ದಲ್ಲ ಸಂವಿಧಾನ ಕೊಟ್ಟಿದ್ದು, ಅದನ್ನೂ ಹೇಳ್ಬೇಕು ತಾನೇ. ನೋವು ಇಲ್ಲ ಅಂತಿಲ್ಲ ತಂಗಿ, ಜಾಗ ಅದಲ್ಲ ಅಂತ ಅಷ್ಟೆ.

ರೇಷ್ಮೆ ಬೀದಿ, ಶಿಡ್ಲಘಟ್ಟ

ಗ್ರಾಮಸಭೆ ಐತೆ ಅಂದ್ರಲ್ಲ ಅಣ್ಣ, ಗ್ರಾಮಸಭೇಲಿ ಮಾತಾಡ್ದೋನು ಮಾರನೇ ದಿನ ಯಾರ ಹೊಲಕ್ಕೆ ಕೂಲಿಗೆ ಹೋಗ್ಬೇಕು ಅನ್ನೋದನ್ನೂ ಯೋಚ್ನೆ ಮಾಡಿ.

ನನ್ನ ಕಥೆ ಹೇಳ್ತೀನಿ. ನಾನು ಚಿಕ್ಕೋನಿದ್ದಾಗ ಅಪ್ಪನಿಗೆ ಆಪರೇಷನ್ ಆಗ್ಬೇಕಿತ್ತು, ಅಮ್ಮ ಒಂದು ಫಿಲೇಚರ್, ಅಂದ್ರೆ ರೇಷ್ಮೆ ನೂಲು ತೆಗೆಯೋ ಯೂನಿಟ್, ಓನರ್ ಹತ್ರ ಅಡ್ವಾನ್ಸ್ ತಗೊಂಡ್ಳು. ಅಕ್ಕನೂ ನಾನೂ ಅಲ್ಲಿ ನೂಲು ಬಿಚ್ಚೋ ಕೆಲಸಕ್ಕೆ ಹೋದ್ವಿ, ಬೆಳಕು ಹರಿಯೋಕೆ ಮುಂಚೆ ಹೋಗ್ಬೇಕು, ಕುದಿಯೋ ನೀರಲ್ಲಿ ಗೂಡು ಆಡಿಸಿ ಆಡಿಸಿ ಅಕ್ಕನ ಬೆರಳೆಲ್ಲ ಬಿಳುಚಿಕೊಂಡು ಚರ್ಮ ಸುಲಿತಿತ್ತು, ಹುಳದ ವಾಸನೆ ಮನೆಗೆ ಬಂದ್ಮೇಲೂ ಹೋಗ್ತಿರ್ಲಿಲ್ಲ. ಕೂಲೀಲಿ ಅಡ್ವಾನ್ಸಿಗೆ ಅಂತ ಹಿಡ್ಕೋತಿದ್ರು, ಹಬ್ಬಕ್ಕೆ ಜ್ವರಕ್ಕೆ ಮತ್ತೆ ಸ್ವಲ್ಪ ಸಾಲ, ಹಂಗಾಗಿ ಅದು ತೀರ್ತಾನೇ ಇರ್ಲಿಲ್ಲ. ಪಕ್ಕದ ಯೂನಿಟ್ನಲ್ಲಿ ಜಾಸ್ತಿ ಕೂಲಿ ಕೊಡ್ತಾರೆ ಅಂತ ಅಕ್ಕ ಹೋಗ್ತೀನಿ ಅಂದಾಗ ಓನರ್ ಹೇಳಿದ್ದು ಇಷ್ಟೇ, ದುಡ್ಡು ಇಟ್ಟು ಹೋಗು. ಯಾರೂ ಹೊಡೀಲಿಲ್ಲ, ಕಟ್ಟಿ ಹಾಕ್ಲಿಲ್ಲ, ಆದ್ರೆ ಹೋಗಂಗೂ ಇರ್ಲಿಲ್ಲ. ಆ ಯೂನಿಟ್ ಗೋಡೆ ಮೇಲೂ ಆಗಸ್ಟ್ 15ಕ್ಕೆ ಬಾವುಟ ಕಟ್ತಿದ್ರು, ನಮಗೆ ಅವತ್ತು ಮಿಠಾಯಿ ಕೊಟ್ಟು ಅರ್ಧ ದಿನ ರಜ ಕೊಡ್ತಿದ್ರು.

ಈಗ ಮಷೀನ್ ಜಾಸ್ತಿ ಬಂದವೆ, ಮಕ್ಕಳು ಕಡಿಮೆ, ಅದು ನಿಜ, ಒಳ್ಳೇದಾಗೈತೆ. ಅಡ್ವಾನ್ಸ್ ಪದ್ಧತಿ ಮಾತ್ರ ಇಟ್ಟಿಗೆ ಗೂಡಲ್ಲಿ, ಕೋಳಿ ಫಾರಂನಲ್ಲಿ, ತೋಟದಲ್ಲಿ ಈಗ್ಲೂ ಐತೆ. ತಂಗಿ, ಆ ದಿನವೇ ಮಾತಾಡು, ಬೇರೆ ದಿನ ಯಾರೂ ಕೇಳಲ್ಲ.

ಪಿನಾಕಿನಿ ದಡ, ಗೌರಿಬಿದನೂರು

ಅಣ್ಣ ಓದಿ ತುಂಬ ಸಂಕಟ ಆಯ್ತು. ನಮ್ಮ ಮಾವನೂ ಒಬ್ರ ತೋಟದಲ್ಲಿ ಹಿಂಗೇ ಅವ್ರೆ, ಮಗಳ ಮದುವೆಗೆ ಅಡ್ವಾನ್ಸ್ ತಗೊಂಡವ್ರೆ, ನಾವು ಯಾರೂ ಇದನ್ನ ಜೀತ ಅಂತ ಅನ್ಕೊಂಡೇ ಇಲ್ಲ, ಜೀತ ಅಂದ್ರೆ ಹಳೇ ಕಾಲದ್ದು ಅಂತಿದ್ವಿ. ಕಾನೂನಲ್ಲಿ ಇದು ಏನಾಗುತ್ತೆ ಯಾರಾದ್ರೂ ಹೇಳ್ತೀರಾ?

ಕೋರ್ಟ್ ರಸ್ತೆ ವಕೀಲ, ತುಮಕೂರು

ಕಾನೂನಲ್ಲಿ ಅದು ಜೀತವೇ ಕಣಮ್ಮ. 1976ರ ಜೀತ ಪದ್ಧತಿ ರದ್ದು ಕಾಯ್ದೆ ಕೇಳೋದು ಹೊಡೆದ್ರಾ ಕಟ್ಟಿಹಾಕಿದ್ರಾ ಅಂತಲ್ಲ. ಸಾಲಕ್ಕೋ ಮುಂಗಡಕ್ಕೋ ಬದಲಾಗಿ ಕೂಲಿ ಇಲ್ದೆ ಅಥವಾ ಕಡಿಮೆ ಕೂಲಿಗೆ ದುಡೀಬೇಕಾ, ಬೇರೆ ಕಡೆ ಕೆಲಸ ಹಿಡಿಯೋ ಸ್ವಾತಂತ್ರ್ಯ ಹೋಯ್ತಾ, ತಿರುಗಾಡೋ ಸ್ವಾತಂತ್ರ್ಯ ಹೋಯ್ತಾ, ಇಷ್ಟು ನೋಡುತ್ತೆ. ಜೀತ ಅಂತ ಗೊತ್ತಾದ ಮೇಲೆ ಆ ಸಾಲವೇ ರದ್ದು, ವಾಪಸ್ ವಸೂಲಿ ಮಾಡಿದ್ರೆ ಅದೂ ಅಪರಾಧ. ಜೀತ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಸಾಲ ಕೊಟ್ಟೋನ ಮೇಲೆ, 15ನೇ ಸೆಕ್ಷನ್. 1982ರಲ್ಲಿ ದೆಹಲಿಯ ಏಷ್ಯಾಡ್ (ಏಷ್ಯನ್ ಗೇಮ್ಸ್) ಕಟ್ಟಡ ಕಾರ್ಮಿಕರ ಕೇಸಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದಕ್ಕೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸ್ಕೊಂಡ್ರೆ ಅದೇ ಸಂವಿಧಾನದ 23ನೇ ವಿಧಿ ನಿಷೇಧಿಸಿರೋ ಬಲವಂತದ ದುಡಿಮೆ ಅಂತ ಹೇಳಿತು, ಹಸಿವು ಕೂಡ ಬಲವಂತವೇ ಅನ್ನೋ ಅರ್ಥದಲ್ಲಿ.

ಈ ಕಾನೂನು ಬಂದ ಕಾಲ ನೋಡಿದ್ರೆ ನನಗೆ ಈಗ್ಲೂ ಮೈ ಜುಂ ಅನ್ಸುತ್ತೆ. ಮೊದಲು ಸುಗ್ರೀವಾಜ್ಞೆ ಆಗಿ ಬಂದಿದ್ದು 1975ರ ಅಕ್ಟೋಬರ್ 25ಕ್ಕೆ, ಅಂದ್ರೆ ತುರ್ತು ಪರಿಸ್ಥಿತಿ ಹೇರಿ ನಾಲ್ಕು ತಿಂಗಳಿಗೆ. ಪತ್ರಿಕೆಗಳಿಗೆ ಸೆನ್ಸಾರ್, ವಿರೋಧ ಪಕ್ಷದೋರು ಬೆಂಗಳೂರು ಸೆಂಟ್ರಲ್ ಜೈಲಲ್ಲಿ, 1976ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟೇ ಬಂಧನ ಪ್ರಶ್ನಿಸಿ ಕೋರ್ಟಿಗೆ ಬರೋ ಹಕ್ಕು ಈಗ ಇಲ್ಲ ಅಂದುಬಿಡ್ತು. ಮಾತಾಡ್ತಿದ್ದೋರ ಸ್ವಾತಂತ್ರ್ಯ ಹೋದ ಹೊತ್ತಲ್ಲೇ ಯಾವತ್ತೂ ಮಾತಾಡದೇ ಇದ್ದೋರಿಗೆ ಕಾಗದದ ಮೇಲೆ ಬಿಡುಗಡೆ ಬಂತು. ನಮ್ಮ ಮಧುಗಿರಿ ಪಾವಗಡ ಕಡೆ ಮುದುಕರು ಕೆಲವ್ರು ಆ ಕಾಲವನ್ನ ಒಳ್ಳೇದು ಅಂತಲೇ ನೆನೀತಾರೆ, ದೇವರಾಜ ಅರಸರ ಭೂಸುಧಾರಣೆ, ಸಾಲ ಮನ್ನಾ ಎಲ್ಲಾ ಆಗಲೇ ಆಗಿದ್ದು. ಅವರ ಮಾತು ಸುಳ್ಳಲ್ಲ. ಆದ್ರೆ ಸರ್ಕಾರವನ್ನ ಪ್ರಶ್ನೆ ಮಾಡೋ ಬಾಯಿ ಮುಚ್ಚಿಸಿದ ಮೇಲೆ, ಕೊಟ್ಟ ಬಿಡುಗಡೆ ಜಾರಿ ಆಯ್ತಾ ಇಲ್ವಾ ಅಂತ ಕೇಳೋರು ಯಾರು? ಈ ಎರಡು ಸ್ವಾತಂತ್ರ್ಯ ಒಂದನ್ನ ಬಿಟ್ಟು ಒಂದು ನಿಲ್ಲಲ್ಲ ಅಂತ ನಾನು ನಂಬಿದೀನಿ. 1949ರ ನವೆಂಬರ್ 25ಕ್ಕೆ ಸಂವಿಧಾನ ಸಭೇಲಿ ಅಂಬೇಡ್ಕರ್ ಅವರು ಎಚ್ಚರಿಸಿದ್ದೂ ಇದನ್ನೇ, ರಾಜಕೀಯದಲ್ಲಿ ಸಮಾನತೆ ಇರುತ್ತೆ ಸಾಮಾಜಿಕ ಆರ್ಥಿಕ ಬದುಕಲ್ಲಿ ಇರಲ್ಲ, ಈ ವಿರೋಧಾಭಾಸ ಬೇಗ ತೆಗೀದೇ ಇದ್ರೆ ಕಟ್ಟಿದ್ದೆಲ್ಲ ಒಡೆದು ಹೋಗುತ್ತೆ ಅಂತ.

ಮಾವಿನತೋಪು ಅವರೇ, ದಿನದ ವಿಷಯಕ್ಕೆ ಬರ್ತೀನಿ. ಅಮೆರಿಕಾದಲ್ಲಿ 1776ರಲ್ಲಿ ಎಲ್ಲಾ ಮನುಷ್ಯರೂ ಸಮಾನರು ಅಂತ ಘೋಷಣೆ ಬರೆದ ಜೆಫರ್ಸನ್ ಮನೇಲೇ ನೂರಾರು ಗುಲಾಮರು ದುಡೀತಿದ್ರು. ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ಅವರನ್ನ 1852ರಲ್ಲಿ ರಾಚೆಸ್ಟರ್ ಊರಿನೋರು ಸ್ವಾತಂತ್ರ್ಯ ದಿನದ ಭಾಷಣಕ್ಕೇ ಕರೆದ್ರು, ಅವರು ಅದೇ ವೇದಿಕೆ ಮೇಲೆ ನಿಂತು ಈ ಹಬ್ಬ ನಿಮ್ದು ನನ್ನದಲ್ಲ ಅಂದ್ರು. ದೇಶದ ಮಾತು ಸುಳ್ಳು ಅಂತ ಬಿಟ್ಟು ಹೋಗ್ಲಿಲ್ಲ, ಕೊಟ್ಟ ಮಾತು ನಡೆಸಿ ಅಂತ ಪಟ್ಟು ಹಿಡಿದ್ರು. ಗುಲಾಮಗಿರಿ ಕಾನೂನು ಪ್ರಕಾರ ಹೋಗಿದ್ದು 1865ಕ್ಕೆ. ಸಂಭ್ರಮದ ದಿನವೇ ಅದನ್ನ ಕೇಳಬೇಕಾದ ದಿನ ಅಂತ ನನಗನ್ಸುತ್ತೆ, ಯಾಕಂದ್ರೆ ಅವತ್ತೇ ಎಲ್ರೂ ಸೇರಿ ಆ ಮಾತನ್ನ ಬಾಯಿಬಿಟ್ಟು ಹೇಳೋದು.

ಮಾವಿನತೋಪು, ಶ್ರೀನಿವಾಸಪುರ

ವಕೀಲರೇ, ಹೊರದೇಶದ್ದು ಬಿಡಿ. ನನ್ನ ಭಯ ಬೇರೆ. ಆ ಹುಡುಗಿ ಊರಿನ ವಿಷಯ ಮೈಕಲ್ಲಿ ಹೇಳಿದ್ಮೇಲೆ ಅದು ವಾಟ್ಸಾಪಲ್ಲಿ ಹೋಗುತ್ತೆ, ಸಾಯಂಕಾಲಕ್ಕೆ ಅವರಪ್ಪನ್ನ ಕರ್ಸಿ ಪಂಚಾಯ್ತಿ ಮಾಡ್ತಾರೆ. ಭಾಷಣ ಮಾಡು ಅಂದ ನಾವ್ಯಾರೂ ಅವತ್ತು ಅಲ್ಲಿ ಇರಲ್ಲ. ಅದಕ್ಕೇ ಬೇಡ ಅಂದಿದ್ದು, ಅವಳ ನೋವು ಸಣ್ಣದು ಅಂತಲ್ಲ.

ನಿವೃತ್ತ ಮೇಷ್ಟ್ರು, ಕೋಲಾರ

ಇದು ನಿಜವಾದ ಮಾತು, ತಳ್ಳಿಹಾಕೋ ಹಂಗಿಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ಮರೆಯೋಕಾಗುತ್ತಾ? 2000ದ ಮಾರ್ಚ್ 11ಕ್ಕೆ ಏಳು ಜನ ದಲಿತರನ್ನ ಮನೇಲಿ ಕೂಡಿ ಸುಟ್ರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ, 2014ರಲ್ಲಿ ಹೈಕೋರ್ಟಲ್ಲೂ ಅದೇ ನಿಂತಿತು. ಏಳು ಜೀವ ಹೋಗೈತೆ, ಕಾನೂನಿನ ಲೆಕ್ಕದಲ್ಲಿ ಸುಟ್ಟೋರು ಯಾರೂ ಇಲ್ಲ. ಸಾಕ್ಷಿ ಹೇಳೋರಿಗೆ ಅದೇ ಊರಲ್ಲಿ ಬಾಳಬೇಕು ಅನ್ನೋ ಭಯ ಇದ್ದಾಗ ಅಭಿವ್ಯಕ್ತಿ ಸ್ವಾತಂತ್ರ್ಯ ಎಲ್ಲಿಂದ ಬರುತ್ತೆ.

ಅದಕ್ಕೆ ಅಮ್ಮಾ, ನಿನ್ನೂರಿನ ಹೆಸರು ಹೇಳ್ಬೇಡ. ಪೇಪರಲ್ಲಿ ಬಂದಿರೋದು ಹೇಳು. 2022ರಲ್ಲಿ ಮಾಲೂರು ತಾಲ್ಲೂಕು ಉಳ್ಳೇರಹಳ್ಳೀಲಿ ದೇವರ ಮೆರವಣಿಗೆಯ ಗುಜ್ಜುಕೋಲು ಮುಟ್ಟಿದ ಅಂತ ದಲಿತ ಹುಡುಗನ ಮನೆಯವ್ರಿಗೆ 60,000 ರೂಪಾಯಿ ದಂಡ ಹಾಕಿದ್ರು, ಆಮೇಲೆ ಕೇಸಾಯ್ತು, ದೇಶವೆಲ್ಲ ಸುದ್ದಿ ಆಯ್ತು. ಅದನ್ನ ಹೇಳಿದ್ರೆ ಸಭೇಲಿ ಕೂತಿರೋರಿಗೆ ಅವರವರ ಊರು ತಾನಾಗೇ ನೆನಪಾಗುತ್ತೆ.

ಕೋರ್ಟ್ ರಸ್ತೆ ವಕೀಲ, ತುಮಕೂರು

ಮೇಷ್ಟ್ರು ಹೇಳಿದ್ದು ಸರಿಯಾದ ದಾರಿ. ನಿಮ್ಮ ಮಾವನ ವಿಷಯ ಭಾಷಣಕ್ಕೆ ತರಬೇಡಿ, ಅದು ಅರ್ಜಿ ಕೆಲಸ. ತಹಶೀಲ್ದಾರ್, ಎಸಿ, ಡಿಸಿ ಯಾರಿಗಾದ್ರೂ ಲಿಖಿತವಾಗಿ ಕೊಡಬಹುದು, ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿ ಇರಬೇಕು ಅಂತ ಕಾಯ್ದೇಲೇ ಐತೆ. ಯಾವಾಗಿಂದ ಕೆಲಸ, ಎಷ್ಟು ಅಡ್ವಾನ್ಸ್, ವಾರಕ್ಕೆ ಎಷ್ಟು ಕೈಗೆ ಬರುತ್ತೆ, ಬಿಟ್ಟು ಹೋಗ್ತೀನಿ ಅಂದಾಗ ಏನಂದ್ರು, ಇಷ್ಟು ಬರೀರಿ, ಒಂದು ಕಾಪಿಗೆ ಸೀಲ್ ಹಾಕಿಸ್ಕೊಳ್ಳಿ. ವಿಚಾರಣೆ ಆಗಿ ಬಿಡುಗಡೆ ಪತ್ರ ಕೊಡ್ತಾರೆ, ಅದು ಕೈಲಿದ್ರೆ ಮಾತ್ರ ಪುನರ್ವಸತಿ. ತಕ್ಷಣಕ್ಕೆ 30,000 ರೂಪಾಯಿವರೆಗೆ ಸಿಗುತ್ತೆ, ಗಂಡಾಳಿಗೆ 1 ಲಕ್ಷ ಅಂತ ಇರೋದು ಮಾತ್ರ ಕೇಸಿನ ತೀರ್ಮಾನಕ್ಕೆ ತಳುಕು ಹಾಕಿರೋದ್ರಿಂದ ಎಳೀತಾ ಹೋಗುತ್ತೆ, ಅದನ್ನೂ ಅವರಿಗೆ ಮೊದಲೇ ಹೇಳಿಬಿಡಿ.

ಪಿನಾಕಿನಿ ದಡ, ಗೌರಿಬಿದನೂರು

ಎಲ್ರಿಗೂ ತುಂಬ ಥ್ಯಾಂಕ್ಸ್. ಎರಡನೇ ಅರ್ಧ ತೆಗೆಯಲ್ಲ, ಮೈಸೂರು ಚಲೋ ಮತ್ತೆ ಉಳ್ಳೇರಹಳ್ಳಿ ಸೇರಿಸಿ ಲೆಕ್ಚರರ್ ಹತ್ರ ಇನ್ನೊಂದ್ಸಲ ತಗೊಂಡು ಹೋಗ್ತೀನಿ. ವಕೀಲರೇ, ಮಾವನಿಗೆ ಓದೋಕೆ ಬರಲ್ಲ ಹೆಬ್ಬೆಟ್ಟು, ಅರ್ಜಿ ನಾನೇ ಬರೆದು ಅವರ ಕೈಲಿ ಹೆಬ್ಬೆಟ್ಟು ಒತ್ತಿಸಿದ್ರೆ ನಡೆಯುತ್ತಾ, ಇಲ್ಲ ಅವರೇ ಆಫೀಸಿಗೆ ಬರ್ಬೇಕಾ? ತೋಟದಿಂದ ಬಿಡಿಸ್ಕೊಂಡು ಬರೋದೇ ಕಷ್ಟ ಐತೆ.

ಕೋರ್ಟ್ ರಸ್ತೆ ವಕೀಲ, ತುಮಕೂರು

ನಡೆಯುತ್ತೆ. ಅವರ ಪರವಾಗಿ ನೀವೇ ಸಹಿ ಹಾಕಿ ದೂರು ಕೊಟ್ರೂ ಆಗುತ್ತೆ, ವಿಷಯ ಗೊತ್ತಾದ ಮೇಲೆ ಅಧಿಕಾರಿಗಳೇ ತೋಟಕ್ಕೆ ಹೋಗಿ ವಿಚಾರಿಸ್ಬೇಕು. ಬರೆದಾದ್ಮೇಲೆ ನನಗೆ ಕಳ್ಸಿ, ನೋಡಿ ಕೊಡ್ತೀನಿ.