ಹದಿನೈದು ಸಾವಿರಕ್ಕೆ ಎಂಥ ದುರ್ಬೀನು ತೆಗೆದುಕೊಳ್ಳಲಿ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಮೇಷ್ಟ್ರು):
ನಮಸ್ಕಾರ ಸರ್. ನನಗೆ ಮೂರು ವರ್ಷದಿಂದ ಹಕ್ಕಿ ನೋಡುವ ಹುಚ್ಚು. ಮಳೆಗಾಲದಲ್ಲಿ ಮಂಡಗದ್ದೆ, ರಜೆ ಸಿಕ್ಕರೆ ದಾಂಡೇಲಿ. ಜಾತ್ರೆಯಲ್ಲಿ ಕೊಂಡ ಒಂದು ದುರ್ಬೀನು ಇದೆ, ಹತ್ತು ನಿಮಿಷ ನೋಡಿದರೆ ತಲೆನೋವು. ಹೊಸದಕ್ಕೆ ಹದಿನೈದು ಸಾವಿರ ಎತ್ತಿಟ್ಟಿದ್ದೇನೆ. ಕನ್ನಡಕ ಹಾಕುತ್ತೇನೆ. ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೇ 30×60 ಸಿಗುತ್ತಿದೆ. ಹದಿನಾಲ್ಕು ಸಾವಿರದ್ದು ನೋಡಿದರೆ ಬರೀ 8×42. ಇದೇನು ಲೆಕ್ಕ?

ಉತ್ತರ (ಕ್ಯಾಮೆರಾ, ದುರ್ಬೀನು ರಿಪೇರಿ ಮಾಡುವವರು):
ಮೇಷ್ಟ್ರೇ, ಆ 30×60 ಬಿಟ್ಟುಬಿಡಿ. ನನ್ನ ಟೇಬಲ್ಲಿಗೆ ಅಂಥವು ಬಹಳ ಬರುತ್ತವೆ. ಬಂದ ಹಾಗೇ ವಾಪಸ್ ಕಳಿಸುತ್ತೇನೆ, ರಿಪೇರಿ ಮಾಡೋಕೆ ಒಳಗೆ ಏನೂ ಇರುವುದಿಲ್ಲ.

ಮೊದಲನೇ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನುವುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. 42 ಭಾಗಿಸು 8, ಐದೂಕಾಲು ಮಿಮೀ. ನಿಮ್ಮ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಅದು. ದುರ್ಬೀನನ್ನು ಒಂದು ಮೊಳ ದೂರ ಹಿಡಿದು ಆಕಾಶದ ಕಡೆ ತಿರುಗಿಸಿ, ಕಣ್ಣಿಡುವ ಗಾಜಿನಲ್ಲಿ ಒಂದು ಬಿಳಿ ಚುಕ್ಕೆ ಕಾಣುತ್ತದಲ್ಲ, ಅದೇ. 30×60ರಲ್ಲಿ ಅದು ಎರಡೇ ಮಿಮೀ. ನಡುಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿನ ಪಾಪೆಯೂ ಎರಡು, ಮೂರು ಮಿಮೀಗೆ ಕುಗ್ಗಿರುತ್ತದೆ. ಹಾಗಾಗಿ ಅಂಗಡಿ ಮುಂದೆ ನಿಂತು ನೋಡಿದರೆ ವ್ಯತ್ಯಾಸ ಗೊತ್ತೇ ಆಗಲ್ಲ. ಬೆಳಿಗ್ಗೆ ಆರೂವರೆಗೆ ಕಾಡಿನ ಮರದಡಿ ನಿಲ್ಲಿ. ಪಾಪೆ ಅಗಲವಾಗಿರುತ್ತದೆ, ದುರ್ಬೀನು ಅಷ್ಟು ಬೆಳಕು ಕೊಡಲ್ಲ. ಮಂಗಟ್ಟೆ ಬರೀ ಕಪ್ಪು ಮುದ್ದೆ.

ಇನ್ನೊಂದು, ಕೈ ನಡುಕ. ಎಂಟು ಪಟ್ಟು ಹಿಗ್ಗಿಸಿದರೆ ನಡುಕವೂ ಎಂಟು ಪಟ್ಟು. ಮೂವತ್ತು ಅಂದರೆ ಸ್ಟ್ಯಾಂಡ್ ಇಲ್ಲದೆ ಆಗುವ ಮಾತಲ್ಲ. ಅದೂ ಅಲ್ಲದೆ, ಅಂಥ ಒಂದೆರಡನ್ನು ಅಳೆದು ನೋಡಿದ್ದೇನೆ. ಬರೆದಷ್ಟು ಪಟ್ಟು ಹಿಗ್ಗಿಸುವುದೂ ಇಲ್ಲ. ‘ನೈಟ್ ವಿಷನ್’ ಅಂತ ಅಚ್ಚು ಹಾಕಿರುತ್ತಾರಲ್ಲ, ಅದಂತೂ ಸುಮ್ನೆ.

ನಿಮ್ಮ ತಲೆನೋವಿನ ವಿಷಯ. ಎರಡು ಕೊಳವೆಗಳೂ ಒಂದೇ ಕಡೆ ನೋಡುತ್ತಿಲ್ಲ ಅನಿಸುತ್ತದೆ. ಒಳಗಿನ ಪ್ರಿಸಂ ಕೂದಲೆಳೆಯಷ್ಟು ಸರಿದರೂ ಸಾಕು, ಎರಡು ಚಿತ್ರವನ್ನು ಒಂದು ಮಾಡೋಕೆ ಕಣ್ಣು ಒದ್ದಾಡುತ್ತದೆ. ಹೊಸದು ಕೊಳ್ಳುವಾಗ ದೂರದ ಕರೆಂಟ್ ತಂತಿ ನೋಡಿ. ನೋಡುತ್ತಲೇ ದುರ್ಬೀನನ್ನು ನಿಧಾನವಾಗಿ ಕಣ್ಣಿಂದ ಒಂದು ಗೇಣು ಹಿಂದೆ ತನ್ನಿ. ಎಡಗಡೆಯ ತಂತಿ, ಬಲಗಡೆಯ ತಂತಿ ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಆ ಪೀಸ್ ಬೇಡ, ಬೇರೆ ತೆಗೆಸಿ.

ಈಗ ಯಾವುದು ಅಂತ. ದುರ್ಬೀನಿನಲ್ಲಿ ಎರಡು ಜಾತಿ. ಸೊಂಟ ಅಗಲ ಇರುವ ಹಳೇ ನಮೂನೆ ಪೊರ್ರೊ. ನೇರ ಕೊಳವೆಯದು ರೂಫ್ ಪ್ರಿಸಂ. ಕಡಿಮೆ ದುಡ್ಡಿಗೆ ಚಿತ್ರ ಚೆನ್ನಾಗಿ ಬರುವುದು ಪೊರ್ರೊದಲ್ಲೇ. ನಿಕಾನ್ ಅಕ್ಯುಲಾನ್ ಎ211 ಆ ಜಾತಿಯದು. ಬಯಲುಸೀಮೆಯವರು ಕೇಳಿದ್ದರೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆ. ಆದರೆ ಅದು ವಾಟರ್‌ಪ್ರೂಫ್ ಅಲ್ಲ. ನೀವಿರುವುದು ಮಲೆನಾಡಿನಲ್ಲಿ.

ನನ್ನ ಹತ್ತಿರ ಮಲೆನಾಡಿಂದ ಬರುವ ಹತ್ತರಲ್ಲಿ ಏಳೆಂಟಕ್ಕೆ ಒಂದೇ ಕಾಯಿಲೆ, ಬೂಸ್ಟು. ಬಿಚ್ಚಿ ದೀಪ ಹಿಡಿದರೆ ಪ್ರಿಸಂ ಮೇಲೆ ಜೇಡರ ಬಲೆ ನೇಯ್ದ ಹಾಗೆ ಕಾಣುತ್ತದೆ. ಒರೆಸಿದರೆ ಬಲೆ ಹೋಗುತ್ತದೆ. ಕೋಟಿಂಗನ್ನು ತಿಂದ ಗುರುತು ಮಾತ್ರ ಅಲ್ಲೇ ಉಳಿಯುತ್ತದೆ. ಆದ್ದರಿಂದ ಸೀಲ್ ಮಾಡಿ ನೈಟ್ರೋಜನ್ ತುಂಬಿದ್ದನ್ನೇ ಕೊಳ್ಳಿ. ನಿಕಾನ್ ಪ್ರೊಸ್ಟಾಫ್ ಪಿ3, ಸೆಲೆಸ್ಟ್ರಾನ್ ನೇಚರ್ ಡಿಎಕ್ಸ್, ಎರಡರಲ್ಲೂ 8×42 ಇದೆ, ಎರಡೂ ಅಂಥವೇ. ಬೆಲೆ ಏರಿಳಿಯುತ್ತಿರುತ್ತದೆ, ಕೊಳ್ಳುವ ದಿನ ಹೋಲಿಸಿ ನೋಡಿ. ಇನ್ನೂ ಒಂದು ವರ್ಷ ಕಾದು ದುಡ್ಡು ಕೂಡಿಸೋ ತಾಳ್ಮೆ ಇದ್ದರೆ ನಿಕಾನ್ ಮೊನಾರ್ಕ್ ಎಂ5. ಅದರಲ್ಲಿ ಫೇಸ್ ಕೋಟಿಂಗ್, ಇಡಿ ಗಾಜು ಎರಡೂ ಇವೆ. ಇಡಿ ಗಾಜು ಅಂದರೆ ಚಿತ್ರದ ಅಂಚಿನಲ್ಲಿ ಬಣ್ಣ ಒಡೆಯುವುದನ್ನು ಕಡಿಮೆ ಮಾಡುವ ಗಾಜು. ರೂಫ್ ಪ್ರಿಸಂನಲ್ಲಿ ಬೆಳಕು ಎರಡಾಗಿ ಸೀಳಿ ಮತ್ತೆ ಸೇರುತ್ತದೆ. ಸೇರುವಾಗ ತುಸು ಹೆಜ್ಜೆ ತಪ್ಪಿರುತ್ತದೆ, ಫೇಸ್ ಕೋಟಿಂಗ್ ಅದನ್ನು ಸರಿ ಮಾಡುತ್ತದೆ. ಉಲಿಯಕ್ಕಿಯ ಹುಬ್ಬಿನ ಗೆರೆ ಕಾಣುವುದು, ಕಾಣದಿರುವುದು ಇಂಥದ್ದರ ಮೇಲೇ.

ಕನ್ನಡಕದವರು ಡಬ್ಬಿ ಮೇಲೆ ‘ಐ ರಿಲೀಫ್’ ಎಷ್ಟು ಅಂತ ಓದಬೇಕು. ಕಣ್ಣಿಡುವ ಗಾಜಿನಿಂದ ಕಣ್ಣು ಎಷ್ಟು ದೂರ ಇದ್ದರೂ ನೋಟ ಪೂರ್ತಿ ಕಾಣುತ್ತದೆ ಅನ್ನುವ ಅಳತೆ ಅದು. 15 ಮಿಮೀಗಿಂತ ಕಡಿಮೆ ಇದ್ದರೆ ಬೇಡ, 17 ದಾಟಿದ್ದರೆ ಆರಾಮ. ಕಣ್ಣಿನ ಹತ್ತಿರದ ರಬ್ಬರ್ ಕಪ್ಪನ್ನು ಪೂರ್ತಿ ಒಳಗೆ ತಿರುಗಿಸಿಕೊಂಡು ನೋಡಿ. ಸುತ್ತಲೂ ಕಪ್ಪು ಅಂಚು ಮುತ್ತಿದರೆ ಅದು ನಿಮ್ಮದಲ್ಲ.

ಗದಗದಿಂದ ಒಬ್ಬರು:
ಅಣ್ಣಾ, ನಮಗ ಮಾಗಡಿ ಕೆರಿ ಹತ್ರ. ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಬರ್ತಾವು, ಆದ್ರ ಭಾಳ ದೂರ ಕುಂದರ್ತಾವು. ನಮಗೂ ಎಂಟ ಸಾಕೇನು?

ಉತ್ತರ:
ನಿಮಗೆ 10×42 ತಗೊಳ್ಳಿ ಅಂತೀನಿ. ಬಯಲು ಕೆರೆ, ಬೆಳಕಿಗೆ ಬರವಿಲ್ಲ, ಹಕ್ಕಿಯೂ ಒಂದೇ ಕಡೆ ಕೂತಿರುತ್ತದೆ. ಮಲೆನಾಡಿನ ಕಥೆ ಬೇರೆ. ಅಲ್ಲಿ ಎಲೆ ಮರೆಯಲ್ಲಿ ಹಾರಾಡುವ ನೊಣಹಿಡುಕವನ್ನು ಹುಡುಕಬೇಕು, ನೋಟದ ಅಗಲ ಜಾಸ್ತಿ ಬೇಕು. ಹತ್ತರಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ಡಬ್ಬಿ ಮೇಲೆ ಡಿಗ್ರಿಯಲ್ಲಿ ಬರೆದಿದ್ದರೆ 17.5ರಿಂದ ಗುಣಿಸಿ, ಒಂದು ಕಿಲೋಮೀಟರ್ ದೂರದಲ್ಲಿ ಎಷ್ಟು ಮೀಟರ್ ಅಗಲ ಕಾಣುತ್ತದೆ ಅಂತ ಸಿಗುತ್ತದೆ. ಹತ್ತು ಪಟ್ಟಿನದನ್ನು ಹಿಡಿಯುವಾಗ ಮೊಣಕೈಯನ್ನು ಬೈಕ್ ಸೀಟಿನ ಮೇಲೆ ಊರಿ. ಮಧ್ಯಾಹ್ನ ಹೋಗಬೇಡಿ, ನೆಲದ ಬಿಸಿಗೆ ಗಾಳಿ ಕುಣಿಯುತ್ತದೆ, ಎಷ್ಟೇ ದುಡ್ಡಿನ ದುರ್ಬೀನಾದರೂ ಬಾತು ಅಲುಗಾಡುತ್ತಲೇ ಇರುತ್ತದೆ.

ಶಿರಸಿಯಿಂದ ಒಬ್ಬರು:
ಸರ್, ಅಪ್ಪನ ಹಳೇ ದುರ್ಬೀನು ಚರ್ಮದ ಚೀಲದಲ್ಲೇ ಇತ್ತು. ಈಗ ಒಂದು ಕಡೆ ಮಸುಕು. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಸರಿ ಹೋಗುತ್ತಾ?

ಉತ್ತರ:
ಇಲ್ಲ ಮೇಡಂ, ಅಕ್ಕಿ ಹಿಟ್ಟು ಒಳಗೆ ಸೇರಿಕೊಂಡರೆ ಇನ್ನೊಂದು ಕೆಲಸ. ಮೊದಲು ಒಂದು ನೋಡಿ. ಬಲಗಣ್ಣಿನ ಗಾಜಿನ ಸುತ್ತ ಒಂದು ಬಳೆ ತಿರುಗುತ್ತದಲ್ಲ? ಅದು ಬರೀ ಸರಿದಿರಬಹುದು. ಬಲಗಡೆಯ ಮುಂದಿನ ಗಾಜನ್ನು ಕೈಯಿಂದ ಮುಚ್ಚಿ, ಎಡಗಣ್ಣಿಗೆ ಸ್ಪಷ್ಟವಾಗುವವರೆಗೆ ನಡುವಿನ ಚಕ್ರ ತಿರುಗಿಸಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಬಳೆ ಮಾತ್ರ ತಿರುಗಿಸಿ. ಎರಡು ಸಲವೂ ಅದೇ ವಸ್ತುವನ್ನೇ ನೋಡಬೇಕು. ನಂಬಿ, ‘ಕೆಟ್ಟುಹೋಗಿದೆ’ ಅಂತ ತಂದವರಲ್ಲಿ ಎಷ್ಟೋ ಜನರಿಗೆ ಇಷ್ಟೇ ಮಾಡಿ ಕೊಟ್ಟು ಕಳಿಸಿದ್ದೇನೆ.

ಹಾಗೂ ಮಸುಕಿದ್ದರೆ ಮುಂದಿನ ಗಾಜಿನಿಂದ ಟಾರ್ಚ್ ಬಿಟ್ಟು, ಹಿಂದಿನಿಂದ ಓರೆಯಾಗಿ ನೋಡಿ. ಎಳೆ ಎಳೆಯಾಗಿ ಕಂಡರೆ ಬೂಸ್ಟು, ಬಿಚ್ಚಲೇಬೇಕು. ನೀವೇ ಬಿಚ್ಚಬೇಡಿ, ಪ್ರಿಸಂ ಜಾಗ ತಪ್ಪಿದರೆ ಮತ್ತೆ ಕೂರಿಸುವುದು ಕಷ್ಟ. ಚರ್ಮದ ಚೀಲ ಮಾತ್ರ ಇವತ್ತೇ ಹೊರಗೆ ಹಾಕಿ, ತೇವ ಹಿಡಿದುಕೊಳ್ಳುವುದು ಅದೇ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿ ಆಯಿತು ಅಂದರೆ ತೇವ ಕುಡಿದಿದೆ, ಬದಲಾಯಿಸಿ. ಗಾಜನ್ನು ಸೀರೆ ಸೆರಗು, ಪಂಚೆ ಅಂಚಿನಿಂದ ಒರೆಸಬೇಡಿ. ಮೊದಲು ದೂಳು ಊದಿ, ಆಮೇಲೆ ಮೆತ್ತನೆ ಲೆನ್ಸ್ ಬಟ್ಟೆ.

ತೀರ್ಥಹಳ್ಳಿ ಮೇಷ್ಟ್ರು (ಹದಿನೈದು ದಿನದ ನಂತರ):
ಸರ್, ಶಿವಮೊಗ್ಗಕ್ಕೆ ಹೋಗಿ 8×42 ತಂದೆ. ಅಂಗಡಿಯವರು ಮೊದಲು ಕೊಟ್ಟಿದ್ದರಲ್ಲಿ ತಂತಿ ಎರಡು ಮಟ್ಟದಲ್ಲಿ ಕಂಡಿತು. ಬೇರೆ ಕೊಡಿ ಅಂದೆ. ‘ಇದನ್ನೆಲ್ಲ ಯಾರು ಹೇಳಿಕೊಟ್ಟರು ಸಾರ್’ ಅಂದರು, ಆದರೆ ಕೊಟ್ಟರು. ನಿನ್ನೆ ಸಂಜೆ ಆರೂಕಾಲಕ್ಕೆ ಹಿತ್ತಲಿನ ಹಲಸಿನ ಮರದಲ್ಲಿ ಕಾಜಾಣ ಕೂತಿತ್ತು. ಅದರ ಕಣ್ಣು ಕೆಂಪಗೆ ಇರುತ್ತೆ ಅಂತ ಪುಸ್ತಕದಲ್ಲಿ ಓದಿದ್ದೆ, ನೋಡಿರಲಿಲ್ಲ.

ಉತ್ತರ:
ಕನ್ನಡಕ ಹಾಕಿಕೊಂಡೇ ನೋಡಿದ್ರಾ?

ತೀರ್ಥಹಳ್ಳಿ ಮೇಷ್ಟ್ರು:
ಹಾಕಿಕೊಂಡೇ ಸರ್. ತಲೆನೋವೂ ಇಲ್ಲ.